ಲಗ್ಗೆರೆಯಿಂದ ಲಂಡನ್‌ಗೆ ಹೋದವರು ಲಗ್ಗೆರೆ ಬಗ್ಗೆ ಓದಬಾರದೇ?

ವಿದೇಶದಲ್ಲಿ ಓದಿ ಮರಳುವ ಯುವಜನರ ಅಸ್ಮಿತೆಯ ತಳಮಳದ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ. ಆದರೆ ತಮ್ಮ ಊರನ್ನು, ತಮ್ಮ ಜನರನ್ನು ದೂರದಲ್ಲಿ ನಿಂತು ಅಧ್ಯಯನ ಮಾಡುವ ಅವಕಾಶ ಯಾರಿಗಿದೆ, ಯಾರಿಗಿಲ್ಲ ಅನ್ನುವುದು ಆ ಮಾತಿನಲ್ಲಿ ಬರುವುದೇ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಸೇರಿಸಿದ ಒಂದು ನಿಯಮ ಆ ಅವಕಾಶವನ್ನು ದಲಿತ ವಿದ್ಯಾರ್ಥಿಗಳಿಂದ ಕಿತ್ತುಕೊಂಡಿದೆ.

"ಯಾಕೆ ವಾಪಸ್ ಬಂದೆ?"

ಫಾರಿನ್‌ನಲ್ಲಿ ಓದು ಮುಗಿಸಿ ಲಗ್ಗೆರೆಯಂತಹ ಬಡಾವಣೆಗೆ ಮರಳುವವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. "ಹೇಗಿದ್ದೀಯಾ" ಅನ್ನೋದು ಆಮೇಲೆ. ಹೋದವರು ಅಲ್ಲೇ ನೆಲೆ ನಿಲ್ಲಬೇಕು, ವಾಪಸ್ ಬಂದರೆ ಏನೋ ಎಡವಟ್ಟಾಗಿದೆ ಅನ್ನುವ ಲೆಕ್ಕಾಚಾರ ಆ ಪ್ರಶ್ನೆಯೊಳಗಿದೆ.

ಇನ್ನು ಮುಂದೆ ಈ ಪ್ರಶ್ನೆ ಎದುರಿಸುವವರು ಹೆಚ್ಚಾಗಲಿದ್ದಾರೆ. ವಿದೇಶಾಂಗ ಸಚಿವಾಲಯದ ಲೆಕ್ಕದಲ್ಲಿ 2024ರಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳು ಹೊರದೇಶಗಳಲ್ಲಿದ್ದರು. ಅದೇ ವರ್ಷ ಕೆನಡಾ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಪದವಿ ಮುಗಿದ ಮೇಲೆ ಇದ್ದು ಕೆಲಸ ಮಾಡಲು ಬ್ರಿಟನ್ ಕೊಡುತ್ತಿದ್ದ 2 ವರ್ಷದ ಅವಧಿ 2027ರ ಜನವರಿಯಿಂದ 18 ತಿಂಗಳಿಗೆ ಇಳಿಯಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಈಗಾಗಲೇ ಅಲ್ಲಿದ್ದು ವೀಸಾ ಬದಲಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ ಅಂತ ಆಮೇಲೆ ಸ್ಪಷ್ಟಪಡಿಸಿತಾದರೂ, ಅಷ್ಟರಲ್ಲಿ ಭಯ ಮನೆಮನೆಗೂ ತಲುಪಿಯಾಗಿತ್ತು. ಡಿಸೆಂಬರ್ ಹೊತ್ತಿಗೆ ಡಾಲರ್ ಬೆಲೆ 90 ರೂಪಾಯಿ ದಾಟಿತು. ಇಷ್ಟೆಲ್ಲ ಸೇರಿದರೆ ಬಹಳಷ್ಟು ಜನ ಮನಸ್ಸಿದ್ದೋ ಇಲ್ಲದೆಯೋ ಮರಳಲೇಬೇಕಾಗುತ್ತದೆ.

ಮರಳಿದ ಮೇಲೆ ಏನು? ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ಬಗ್ಗೆ ಒಂದು ಸಿದ್ಧಮಾದರಿ ಕಥೆ ಇದೆ. ಅಲ್ಲಿ ಭಾರತೀಯಳಾಗಿದ್ದೆ, ಇಲ್ಲಿ ಪರಕೀಯಳಾದೆ. ಅಲ್ಲಿ ಯುಗಾದಿ ನೆನಪಾಯಿತು, ಇಲ್ಲಿ ಟ್ರಾಫಿಕ್ ಸಾಕಾಯಿತು. ಅದು ಸುಳ್ಳು ಅಂತಲ್ಲ. ಆದರೆ ಅದು ಜಯನಗರ, ಸದಾಶಿವನಗರದಿಂದ ಹೋಗಿ ಅಲ್ಲಿಗೇ ಮರಳಿದವರ ಕಥೆ. ಪೀಣ್ಯ ಕೈಗಾರಿಕಾ ಪ್ರದೇಶದ ಬೆನ್ನಿಗಿರುವ ಲಗ್ಗೆರೆಗೆ ಮರಳುವವರ ಕಥೆ ಬೇರೆಯೇ ಇದೆ.

ಅಡ ಇಡಲು ಏನಿದೆ?

ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯ ಬಹಳಷ್ಟು ಮನೆಗಳು ರೆವಿನ್ಯೂ ಸೈಟುಗಳಲ್ಲಿ ಎದ್ದವು. ಕುಣಿಗಲ್, ಮಾಗಡಿ, ತುಮಕೂರು, ಮಂಡ್ಯ ಕಡೆಯಿಂದ ಪೀಣ್ಯದ ಕೆಲಸ ನಂಬಿ ಬಂದ ಕುಟುಂಬಗಳು ಚೀಟಿ ಎತ್ತಿ, ಪಿಎಫ್ ಬಿಡಿಸಿ, ಒಂದೊಂದೇ ಮಹಡಿ ಏರಿಸಿದ ಇಪ್ಪತ್ತು ಮೂವತ್ತರ ಸೈಟುಗಳು.

ಬ್ರಿಟನ್ನಿನಲ್ಲಿ ಒಂದು ವರ್ಷದ ಮಾಸ್ಟರ್ಸ್ ಅಂದರೂ ಫೀಸು, ಊಟ, ಬಾಡಿಗೆ ಸೇರಿ 25-30 ಲಕ್ಷದ ಮಾತು. ಸಾಮಾನ್ಯವಾಗಿ ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುತ್ತವೆ. ಎ-ಖಾತಾ ಇದ್ದವರಿಗೆ ಸರ್ಕಾರಿ ಬ್ಯಾಂಕಿನ ಬಾಗಿಲು ತೆರೆಯುತ್ತದೆ. ಬಿ-ಖಾತಾ ಮನೆಯವರು ಖಾಸಗಿ ಹಣಕಾಸು ಕಂಪನಿಗಳ ಮುಂದೆ ನಿಂತು ಹೆಚ್ಚು ಬಡ್ಡಿಗೆ ಒಪ್ಪಿಕೊಳ್ಳಬೇಕು. ಒಂದೇ ವಿಶ್ವವಿದ್ಯಾಲಯ, ಒಂದೇ ಕೋರ್ಸು, ಒಂದೇ ಅಂಕ ಇದ್ದರೂ ಸಾಲದ ಬೆಲೆ ಖಾತಾ ನೋಡಿ ಬದಲಾಗುತ್ತದೆ. ಬಿ-ಖಾತಾವನ್ನು ಎ-ಖಾತಾ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ 2025ರ ಕೊನೆಗೆ ತಂದಿತು. ಅದಕ್ಕೆ ಮಾರ್ಗಸೂಚಿ ದರದ ಶೇ.5ರಷ್ಟು ಕಟ್ಟಬೇಕು. ಅದೂ ಒಂದು ಖರ್ಚೇ.

ಹೀಗೆ ಸಾಲ ಮಾಡಿ ಹೋದವರು ಏನು ಓದುತ್ತಾರೆ? ಡೇಟಾ ಸೈನ್ಸ್, ಸಪ್ಲೈ ಚೈನ್, ಮ್ಯಾನೇಜ್‌ಮೆಂಟ್. ಬೇಗ ಕೆಲಸ ಸಿಗಬೇಕು, ಇಎಂಐ ಕಟ್ಟಬೇಕು. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಓದುತ್ತೇನೆ ಅಂದರೆ ಮನೆಯಲ್ಲಿ ಒಪ್ಪುವುದು ಕಷ್ಟ, ಸಾಲ ಕೊಡುವವರಂತೂ ಒಪ್ಪುವುದಿಲ್ಲ. "ನಾನು ಯಾರು, ನನ್ನ ಊರು ಏನು" ಅನ್ನುವ ಪ್ರಶ್ನೆಯನ್ನೇ ಓದಿನ ವಿಷಯ ಮಾಡಿಕೊಳ್ಳಲು ಲಗ್ಗೆರೆಯ ಹುಡುಗಿಗೆ ಉಳಿಯುವ ದಾರಿ ಒಂದೇ: ಸರ್ಕಾರಿ ವಿದ್ಯಾರ್ಥಿವೇತನ.

ಅಲ್ಲೊಂದು ಗುರುತು, ಇಲ್ಲೊಂದು ಗುರುತು

ವಿಮಾನ ಇಳಿದ ಕೂಡಲೇ ಗುರುತು ಬದಲಾಗುತ್ತದೆ. ಇಲ್ಲಿ ಲಗ್ಗೆರೆಯವಳು, ಗಾರ್ಮೆಂಟ್ಸ್ ಕೆಲಸದವರ ಮಗಳು, ಇಂಥ ಜಾತಿಯವಳು. ಅಲ್ಲಿ ಬರೀ 'ಇಂಡಿಯನ್', ಅಥವಾ ಇನ್ನೂ ಅಗಲವಾಗಿ 'ಸೌತ್ ಏಷ್ಯನ್'. ಚರ್ಮದ ಬಣ್ಣಕ್ಕೆ ಅವಮಾನ ಆಗಬಹುದು, ನಿಜ. ಆದರೆ ಬಿಳಿಯ ಮೇಷ್ಟ್ರಿಗೆ ಲಗ್ಗೆರೆಗೂ ಮಲ್ಲೇಶ್ವರಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ. ಆ ಅಜ್ಞಾನವೇ ಒಂದು ಬಿಡುಗಡೆ.

ಪೂರ್ತಿ ಬಿಡುಗಡೆ ಅಲ್ಲ. ವಿದೇಶದಲ್ಲೂ ಜಾತಿ ತಿಳಿದುಕೊಳ್ಳುವ ಜಾಣತನ ನಮ್ಮವರಿಗೆ ಚೆನ್ನಾಗಿದೆ. ಸರ್‌ನೇಮ್ ಏನು, ಮೀನು ತಿಂತೀಯಾ, ಅಪ್ಪ ಏನ್ ಮಾಡ್ತಾರೆ ಅಂತ ಮೂರು ಪ್ರಶ್ನೆಯಲ್ಲಿ ಕೆಲಸ ಮುಗಿಯುತ್ತದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ, ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ತಮ್ಮ ನಿಷೇಧದ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದ್ದೇ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು. ಮಸೂದೆಯ ವಿರುದ್ಧ ಜೋರಾಗಿ ನಿಂತವರಲ್ಲಿ ಭಾರತೀಯ ಮೂಲದವರ ಸಂಘಟನೆಗಳೂ ಇದ್ದವು.

ಮರಳಿದ ಮೇಲೆ ಹಳೆಯ ಗುರುತು ವಿಮಾನ ನಿಲ್ದಾಣದಿಂದಲೇ ಜೊತೆಗೂಡುತ್ತದೆ. ಕಂಪನಿಯ ಸಂದರ್ಶನದಲ್ಲಿ ಮನೆ ಎಲ್ಲಿ ಅಂದರೆ "ರಾಜಾಜಿನಗರ ಪಕ್ಕ" ಅನ್ನುವುದು, "ನಂದಿನಿ ಲೇಔಟ್ ಹತ್ತಿರ" ಅನ್ನುವುದು. ಒಳ್ಳೆಯ ಸಂಬಳ ಬಂತು ಅಂತ ಬೇರೆ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕಿದರೆ "ನೀವು ವೆಜ್ಜಾ?" ಅನ್ನುವ ಪ್ರಶ್ನೆ. ಅದಕ್ಕೂ ದಾಟಿದರೆ "ನಿಮ್ಮದು ಯಾವ ಜನ?" ವಿದೇಶಿ ಪದವಿಯ ಸರ್ಟಿಫಿಕೇಟು ಈ ಪ್ರಶ್ನೆಗೆ ಉತ್ತರ ಆಗುವುದಿಲ್ಲ.

ನೂರು ವರ್ಷಕ್ಕೂ ಹಿಂದೆ ಒಬ್ಬರು ಇದನ್ನು ಅತ್ಯಂತ ಕ್ರೂರವಾಗಿ ಅನುಭವಿಸಿದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ, ಅಲ್ಲಿಂದ ಲಂಡನ್‌ಗೆ ಹೋದ ಅಂಬೇಡ್ಕರ್, ಒಪ್ಪಂದದಂತೆ ಸೇವೆ ಸಲ್ಲಿಸಲು 1917ರಲ್ಲಿ ಬರೋಡಾಕ್ಕೆ ಬಂದರು. ಹೊರದೇಶದ ವರ್ಷಗಳು ತಾನು ಅಸ್ಪೃಶ್ಯ ಅನ್ನುವ ಪ್ರಜ್ಞೆಯನ್ನೇ ಅಳಿಸಿಹಾಕಿದ್ದವು ಎಂದು ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ನೆನೆಯುತ್ತಾರೆ. ರೈಲು ಇಳಿದಾಗ ಎದುರಾದ ಮೊದಲ ಪ್ರಶ್ನೆ: ಎಲ್ಲಿ ಉಳಿಯುವುದು? ಹಿಂದೂ ಹೋಟೆಲುಗಳು ಸೇರಿಸುವುದಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಇಬ್ಬರು ಸ್ನೇಹಿತರು, ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ, ಕೈಚೆಲ್ಲಿದರು. ಪಾರ್ಕಿನಲ್ಲಿ ಕೂತು ಹೊತ್ತು ಕಳೆದು, ರಾತ್ರಿ ಬಾಂಬೆಯ ರೈಲು ಹತ್ತಿದರು.

ವಿದೇಶದಿಂದ ಮರಳುವವರ ಅಸ್ಮಿತೆಯ ಬಗ್ಗೆ ಈ ದೇಶದಲ್ಲಿ ಬರೆದಿರುವ ಬರಹಗಳಲ್ಲಿ ಇದಕ್ಕಿಂತ ದೊಡ್ಡದು ಇರಲಿಕ್ಕಿಲ್ಲ. ಅಲ್ಲಿ ಮನೆಯ ಹಂಬಲ ಇಲ್ಲ, ಹಬ್ಬದಡುಗೆಯ ನೆನಪಿಲ್ಲ. ದೂರ ಹೋಗಿ ಬಂದ ಕಣ್ಣಿಗೆ ಊರು ಇದ್ದಂತೆ ಕಂಡದ್ದು ಮಾತ್ರ ಇದೆ.

ದೂರ ಹೋದರೆ ಕಾಣುವುದು

ನಮ್ಮಲ್ಲೂ ಇಂಥ ಉದಾಹರಣೆಗಳಿವೆ. ಯು.ಆರ್. ಅನಂತಮೂರ್ತಿ ಮಲೆನಾಡಿನ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅಗ್ರಹಾರದೊಳಗೇ ಇದ್ದಿದ್ದರೆ ಅದು ಅಷ್ಟು ನಿಷ್ಠುರವಾಗಿ ಬರುತ್ತಿತ್ತೋ ಇಲ್ಲವೋ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಲಗ್ಗೆರೆಯಿಂದ ಔಟರ್ ರಿಂಗ್ ರೋಡ್ ಹಿಡಿದು ದಕ್ಷಿಣಕ್ಕೆ ಹೊರಟರೆ ನಾಗರಬಾವಿ ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ, ಐಸೆಕ್ ಇದೆ. ಅದನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯದ ಮೇಲೆ. ಅವರ ಜೊತೆಗೂಡಿದ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದದ್ದು ಕೊಡಗಿನ ಜನರ ಧರ್ಮ, ಆಚರಣೆಗಳ ಮೇಲೆ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಕ್ಷೇತ್ರಕಾರ್ಯಕ್ಕೆ ಬಂದದ್ದೂ ಆಕ್ಸ್‌ಫರ್ಡ್ ಅಧ್ಯಾಪಕರಾಗಿ. 'ಪ್ರಬಲ ಜಾತಿ' ಅಂತ ಇವತ್ತು ಟಿವಿ ಚರ್ಚೆಯಲ್ಲೂ ಬಳಸುವ ಪರಿಕಲ್ಪನೆ ಆ ಕೆಲಸದಿಂದ ಹುಟ್ಟಿತು.

ಅಂದರೆ ಕರ್ನಾಟಕ ತನ್ನನ್ನು ತಾನು ಅರ್ಥ ಮಾಡಿಕೊಳ್ಳಲು ಬಳಸುವ ಎಷ್ಟೋ ಮಾತುಗಳು ಹೊರಗೆ ಹೋಗಿ, ಇಲ್ಲಿನ ಬಗ್ಗೆಯೇ ಓದಿ, ಮರಳಿ ಬಂದವರಿಂದ ಬಂದಿವೆ. ಈ ಮೂವರೂ ಬ್ರಾಹ್ಮಣ ಕುಟುಂಬಗಳಲ್ಲಿ ಹುಟ್ಟಿದವರು. ಅದು ಅವರ ಸಾಧನೆಯನ್ನು ಕಡಿಮೆ ಮಾಡುವುದಿಲ್ಲ. ಆದರೆ ಹಳ್ಳಿಯಲ್ಲಿ ಯಾವ ಬೀದಿಯಿಂದ ನಿಂತು ನೋಡುತ್ತೀವಿ ಅನ್ನುವುದರ ಮೇಲೆ ಹಳ್ಳಿ ಬೇರೆ ಬೇರೆ ಥರ ಕಾಣುತ್ತದೆ. ತಾನು ಕಂಡ ಹಳ್ಳಿ ಮೇಲ್ಜಾತಿಯ ಕಣ್ಣಿಗೆ ಕಂಡ ಹಳ್ಳಿ ಎಂಬುದನ್ನು ಶ್ರೀನಿವಾಸ್ ಕೂಡ ಗುರುತಿಸಿದ್ದರು. ಹಾಗಾದರೆ ಇನ್ನೊಂದು ಬೀದಿಯಿಂದ ಹೋದವರು ಆಕ್ಸ್‌ಫರ್ಡ್‌ನಲ್ಲಿ ಕೂತು ಅದೇ ಹಳ್ಳಿಯ ಬಗ್ಗೆ ಬರೆಯುವುದು ಯಾವಾಗ?

ಒಂದು ನಿಯಮ ಮಾಡಿದ್ದೇನು?

ಇಲ್ಲಿಗೆ ಬಂದಾಗ ಕೇಂದ್ರ ಸರ್ಕಾರದ ನಿಯಮ ಅಡ್ಡ ನಿಲ್ಲುತ್ತದೆ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಅಂದರೆ ಎನ್‌ಒಎಸ್, 1954-55ರಿಂದ ಇರುವ ಯೋಜನೆ. ಪರಿಶಿಷ್ಟ ಜಾತಿ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌ಡಿ ಮಾಡಲು ನೆರವು ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು.

2022ರ ಫೆಬ್ರವರಿಯಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ಮಾರ್ಗಸೂಚಿಗೆ ಹೊಸ ಷರತ್ತು ಸೇರಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಅಥವಾ ಭಾರತದ ಕುರಿತ ಸಾಮಾಜಿಕ ಅಧ್ಯಯನಕ್ಕೆ ಈ ಯೋಜನೆಯಲ್ಲಿ ಹಣ ಇಲ್ಲ. ಭಾರತದ ಬಗ್ಗೆ ಓದಲು ಭಾರತದಲ್ಲೇ ಬೇಕಾದಷ್ಟು ಸಂಪನ್ಮೂಲ ಇದೆ, ಹೊರಗೆ ಹೋಗುವುದು ಯಾಕೆ ಅನ್ನುವುದು ಸಮರ್ಥನೆ.

ಈ ನಿಯಮ ನೆಲದ ಮೇಲೆ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಲಗ್ಗೆರೆಯ ಗಾರ್ಮೆಂಟ್ಸ್ ಕಾರ್ಮಿಕರೊಬ್ಬರ ಮಗಳು, ದಲಿತ ಹುಡುಗಿ, ಲಂಡನ್ನಿನ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಸೀಟು ಗಿಟ್ಟಿಸಿದಳು ಅಂದುಕೊಳ್ಳಿ. ಅವಳಿಗೆ ಆರಿಸಿಕೊಳ್ಳಲು ಒಂದು ಅದ್ಭುತ ವಿಷಯ ಮನೆಯಲ್ಲೇ ಇದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂದಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ ಎಲ್ಲ ಬಂದ್. ದೊಡ್ಡ ನಾಯಕರಿಲ್ಲ, ಬ್ಯಾನರ್ ಇಲ್ಲ. ಲಾಠಿ, ಅಶ್ರುವಾಯು ಎರಡೂ ಬಂದವು. 19ರ ಸಂಜೆಗೆ ಕೇಂದ್ರ ಕಾರ್ಮಿಕ ಸಚಿವರು ಅಧಿಸೂಚನೆ ವಾಪಸ್ ಪಡೆಯುವುದಾಗಿ ಘೋಷಿಸಿದರು. ಎರಡು ದಿನದಲ್ಲಿ ದೆಹಲಿಯನ್ನು ಮಣಿಸಿದ ಈ ಹೆಂಗಸರಲ್ಲಿ ಎಷ್ಟೋ ಜನ ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಬಾಡಿಗೆ ಮನೆಗಳವರು.

ಪಿಎಫ್ ಅವರಿಗೆ ನಿವೃತ್ತಿಯ ಹಣ ಆಗಿರಲಿಲ್ಲ. ಮಗಳ ಫೀಸು, ಮನೆಯ ಲೀಸು, ಆಸ್ಪತ್ರೆಯ ಬಿಲ್ಲು ಆಗಿತ್ತು. ಇದನ್ನು ಒಳಗಿನಿಂದ ಬಲ್ಲ ಹುಡುಗಿ, ಮ್ಯಾಂಚೆಸ್ಟರಿನ ಹತ್ತಿ ಗಿರಣಿಗಳ ಇತಿಹಾಸ ಓದಿದವರ ಮಧ್ಯೆ ಕೂತು, ಢಾಕಾದಿಂದ ಬಂದ ಸಹಪಾಠಿಯ ಜೊತೆ ಹೋಲಿಸಿ ನೋಡಿ ಬರೆದರೆ ಎಂಥ ಪ್ರಬಂಧ ಬರಬಹುದು! ಆದರೆ ಎನ್‌ಒಎಸ್ ಅವಳಿಗೆ ಹೇಳುವುದು: ಭಾರತದ ಸಾಮಾಜಿಕ ಅಧ್ಯಯನಕ್ಕೆ ಹಣ ಇಲ್ಲಮ್ಮ, ಬೇರೆ ವಿಷಯ ತಗೋ. ಮ್ಯಾಂಚೆಸ್ಟರಿನ ಗಿರಣಿ ಬಗ್ಗೆ ಮಾತ್ರ ಬರೆಯುತ್ತೇನೆ ಅಂದರೆ ಈ ಷರತ್ತು ಅಡ್ಡ ಬರುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಬಗ್ಗೆ ಅಂದರೆ ಬರುತ್ತದೆ.

ಇದೇ ನಿಯಮ 1913ರಲ್ಲಿ ಇದ್ದಿದ್ದರೆ? 1916ರ ಮೇ 9ರಂದು ಕೊಲಂಬಿಯಾದ ಸೆಮಿನಾರಿನಲ್ಲಿ ಅಂಬೇಡ್ಕರ್ ಮಂಡಿಸಿದ್ದು ಭಾರತದ ಜಾತಿಗಳ ಹುಟ್ಟು, ಬೆಳವಣಿಗೆಯ ಕುರಿತ ಪ್ರಬಂಧ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದದ್ದು ರೂಪಾಯಿಯ ಸಮಸ್ಯೆಯ ಮೇಲೆ. ಜಾತಿಯ ಮೇಲಿನ ಆ ಪ್ರಬಂಧ ಇವತ್ತು ಎನ್‌ಒಎಸ್ ಅರ್ಜಿಯ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು.

ಆಕ್ಷೇಪಗಳಿಗೆ ಉತ್ತರ

ಒಂದು ನ್ಯಾಯವಾದ ಆಕ್ಷೇಪ ಇದೆ. ಇರುವುದೇ 125 ಸೀಟು. ಅದನ್ನು ಇಲ್ಲಿ ಸಿಗದ ವಿಜ್ಞಾನ, ತಂತ್ರಜ್ಞಾನದ ಓದಿಗೆ ಕೊಡುವುದು ಜಾಣತನ ಅಲ್ಲವೇ? ಕೆಲಸ ಸಿಗುವ ಕೋರ್ಸೇ ಬಡ ಕುಟುಂಬಕ್ಕೆ ಒಳ್ಳೆಯದಲ್ಲವೇ?

ಆಯ್ಕೆ ಆ ವಿದ್ಯಾರ್ಥಿಯದ್ದಾಗಿದ್ದರೆ ಈ ವಾದ ಒಪ್ಪಬಹುದಿತ್ತು. ಎಂಜಿನಿಯರಿಂಗ್ ಬೇಕಾದವರು ಎಂಜಿನಿಯರಿಂಗ್‌ಗೆ ಹೋಗಲಿ. ಆದರೆ ಇದು ಆದ್ಯತೆಯಲ್ಲ, ನಿಷೇಧ. ಅದೂ ಸ್ವಂತ ಹಣ ಇಲ್ಲದವರಿಗೆ ಮಾತ್ರ ಅನ್ವಯಿಸುವ ನಿಷೇಧ. ಅಪ್ಪನ ದುಡ್ಡಿನಲ್ಲಿ ಹೋಗುವವರು ಆಕ್ಸ್‌ಫರ್ಡ್‌ನಲ್ಲಿ ವಚನ ಸಾಹಿತ್ಯದ ಬಗ್ಗೆಯೂ ಬರೆಯಬಹುದು, ಲಗ್ಗೆರೆಯ ಸ್ಲಂ ಬಗ್ಗೆಯೂ ಬರೆಯಬಹುದು. ಪರಿಣಾಮ ಏನು? ಲಗ್ಗೆರೆಯ ಬಗ್ಗೆ ಜಗತ್ತು ಓದುವ ಪುಸ್ತಕವನ್ನು ಲಗ್ಗೆರೆಯಲ್ಲಿ ಬದುಕದವರೇ ಬರೆಯುತ್ತಾರೆ. ಲಗ್ಗೆರೆಯವರು ಅದರಲ್ಲಿ ಸಂದರ್ಶನ ಕೊಟ್ಟವರಾಗಿ, ಹೆಸರು ಬದಲಿಸಿದ ಪಾತ್ರಗಳಾಗಿ ಉಳಿಯುತ್ತಾರೆ.

ಸಂಪನ್ಮೂಲ ಇಲ್ಲೇ ಇದೆ ಅನ್ನುವ ವಾದಕ್ಕೂ ಉತ್ತರ ಕಷ್ಟವಲ್ಲ. ಅಗ್ರಹಾರದ ಸಂಪನ್ಮೂಲ ತೀರ್ಥಹಳ್ಳಿ ಸೀಮೆಯಲ್ಲಿತ್ತು, ಬರ್ಮಿಂಗ್‌ಹ್ಯಾಮ್‌ನಲ್ಲಲ್ಲ. ಅನಂತಮೂರ್ತಿಗೆ ಅಲ್ಲಿ ಸಿಕ್ಕಿದ್ದು ದೂರ. ತನ್ನ ಜಾತಿ, ಬೀದಿ, ಬಂಧುಗಳಿಂದ ಒಂದಿಷ್ಟು ವರ್ಷ ಕಳಚಿಕೊಂಡು, ಅವರ ಬಗ್ಗೆ ಹೆದರದೆ ಯೋಚಿಸಲು ಬೇಕಾದ ದೂರ. ಆ ದೂರದ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಕ್ಯಾಂಪಸ್ಸಿನಲ್ಲಿ ದಿನವೂ ಜಾತಿಯ ಕಣ್ಣುಗಳನ್ನು ಎದುರಿಸುವ ವಿದ್ಯಾರ್ಥಿಗೆ. ರೋಹಿತ್ ವೇಮುಲ ತೀರಿಕೊಂಡು ಹತ್ತು ವರ್ಷ ಆಯಿತು. ಅವರ ಹೆಸರಿನಲ್ಲೊಂದು ಕಾಯ್ದೆ ಬೇಕು ಅಂತ ಕರ್ನಾಟಕ ಇವತ್ತಿಗೂ ಚರ್ಚಿಸುತ್ತಿದೆ ಅಂದರೆ, ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಸಿಗುತ್ತದೆ ಅನ್ನುವ ಮಾತನ್ನು ಎಷ್ಟು ನಂಬುವುದು?

ಪ್ರತಿಮೆಗೆ ಹಾರ, ವಿಷಯಕ್ಕೆ ತಡೆ

2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಲಂಡನ್‌ನಲ್ಲಿ ಎರಡು ಕಾರ್ಯಕ್ರಮಗಳಲ್ಲಿ ಇದ್ದರು. ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣ ಮಾಡಿದರು. ಅಂಬೇಡ್ಕರ್ ವಿದ್ಯಾರ್ಥಿಯಾಗಿದ್ದಾಗ ವಾಸವಿದ್ದ, ಮಹಾರಾಷ್ಟ್ರ ಸರ್ಕಾರ ಖರೀದಿಸಿದ ಮನೆಯನ್ನು ಸ್ಮಾರಕವಾಗಿ ಉದ್ಘಾಟಿಸಿದರು. ಏಳು ವರ್ಷವೂ ತುಂಬುವ ಮೊದಲು ಅದೇ ಪ್ರಧಾನಿಯ ಸರ್ಕಾರ, ಆ ಮನೆಯಲ್ಲಿದ್ದ ವಿದ್ಯಾರ್ಥಿ ಜೀವಮಾನವಿಡೀ ಕೇಳಿದ ಪ್ರಶ್ನೆಗಳನ್ನು ಇವತ್ತಿನ ದಲಿತ ವಿದ್ಯಾರ್ಥಿಗಳು ಸರ್ಕಾರಿ ಹಣದಲ್ಲಿ ಅಲ್ಲಿ ಕೇಳುವಂತಿಲ್ಲ ಅಂತ ಬರೆದಿಟ್ಟಿತು. ಬಸವಣ್ಣನ ಪ್ರತಿಮೆಯ ಮುಂದೆ ಸೆಲ್ಫಿ ತೆಗೆದುಕೊಳ್ಳಬಹುದು. ಕಲ್ಯಾಣದ ಚಳವಳಿಯಲ್ಲಿ ಕೆಳಜಾತಿ ಶರಣರ ಪಾತ್ರದ ಬಗ್ಗೆ ಪ್ರಬಂಧ ಬರೆಯಲು ವಿದ್ಯಾರ್ಥಿವೇತನ ಸಿಗುವುದಿಲ್ಲ.

ವಿಷಯ ಬದಲಿಸಿಕೊಂಡವರಿಗಾದರೂ ಹಣ ಸಿಗುತ್ತದೆಯೇ? 2025ರ ಜುಲೈನಲ್ಲಿ 106 ಜನರನ್ನು ಆಯ್ಕೆ ಮಾಡಿದ ಸಚಿವಾಲಯ ಮೊದಲಿಗೆ 40 ಜನರಿಗೆ ಮಾತ್ರ ಪತ್ರ ಕೊಟ್ಟಿತು. ಉಳಿದ 66 ಜನರಿಗೆ ಹಣ ಲಭ್ಯವಾದರೆ ಎಂಬ ಉತ್ತರ. ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಯಲ್ಲಿ ಹಿಡಿದು ಕಾಯುವ ಆ ವಾರಗಳು ಹೇಗಿರುತ್ತವೆ ಅನ್ನುವುದನ್ನು ಊಹಿಸಿ.

ಕರ್ನಾಟಕ ಏನು ಮಾಡಬಹುದು? ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗಕ್ಕೆ ರಾಜ್ಯದ್ದೇ 'ಪ್ರಬುದ್ಧ' ಯೋಜನೆ ಇದೆ. ಕರ್ನಾಟಕದ ಸಮಾಜ, ಭಾಷೆ, ಕಾರ್ಮಿಕ ಚರಿತ್ರೆ, ಜಾತಿಯ ಬಗ್ಗೆ ಹೊರಗೆ ಓದಬಯಸುವವರಿಗೆ ಅದರಲ್ಲಿ ಸ್ಪಷ್ಟವಾಗಿ ಸೀಟುಗಳನ್ನು ಮೀಸಲಿಡಲಿ. ಎರಡನೆಯದು ಮರಳುವವರಿಗೆ ನೆಲೆ. ಅನಂತಮೂರ್ತಿ ಮರಳಿದಾಗ ಮೈಸೂರಿನಲ್ಲಿ ಮೇಷ್ಟ್ರ ಕೆಲಸ ಇತ್ತು. ಇವತ್ತು ಪಿಎಚ್‌ಡಿ ಮುಗಿಸಿ ಬಂದವರಿಗೆ ಕಾದಿರುವುದು ಅತಿಥಿ ಉಪನ್ಯಾಸಕರ ಸಾಲು, ಇಲ್ಲವೇ ಸಮಾಜಶಾಸ್ತ್ರ ಮರೆತು ಕಾರ್ಪೊರೇಟ್ ಕಂಪನಿ. ಎರಡು ವರ್ಷದ ಮರಳುವ ಫೆಲೋಶಿಪ್ ಒಂದನ್ನು ಕೊಟ್ಟು ಬೆಂಗಳೂರು ವಿಶ್ವವಿದ್ಯಾಲಯ, ಐಸೆಕ್, ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಜೋಡಿಸುವುದು ರಾಜ್ಯದ ಬಜೆಟ್‌ಗೆ ದೊಡ್ಡ ಹೊರೆಯೇನೂ ಅಲ್ಲ. ಲಗ್ಗೆರೆ ಮತ್ತು ಜ್ಞಾನಭಾರತಿ ಇರುವುದು ಒಂದೇ ವಿಧಾನಸಭಾ ಕ್ಷೇತ್ರದಲ್ಲಿ, ರಾಜರಾಜೇಶ್ವರಿನಗರದಲ್ಲಿ. ಇಬ್ಬರಿಗೂ ಒಬ್ಬರೇ ಶಾಸಕರು. ಬೀದಿದೀಪ, ರಸ್ತೆ ಗುಂಡಿಯ ಜೊತೆ ಈ ಮಾತನ್ನೂ ಕೇಳಬಹುದು.

ಮೂರನೆಯದು ದೆಹಲಿಯದ್ದು. ಕರ್ನಾಟಕದಿಂದ 28 ಲೋಕಸಭಾ ಸದಸ್ಯರಿದ್ದಾರೆ. 2022ರಿಂದ ಈವರೆಗೆ ಈ ಷರತ್ತಿನಿಂದಾಗಿ ಎಷ್ಟು ಅರ್ಜಿ ತಿರಸ್ಕೃತವಾಗಿವೆ, ಅವು ಯಾವ ವಿಷಯದವು, ಎಷ್ಟು ವಿದ್ಯಾರ್ಥಿಗಳು ಅರ್ಜಿ ಹಾಕುವ ಮೊದಲೇ ವಿಷಯ ಬದಲಿಸಿದರು ಎಂದು ಒಬ್ಬರಾದರೂ ಸದನದಲ್ಲಿ ಕೇಳಬೇಕು. ಅವರು ಕೇಳುವಂತೆ ಮಾಡಬೇಕಾದ್ದು ನಾವು. ಮುಂದಿನ ಸಾಲಿನ ಅರ್ಜಿ ಕರೆಯುವ ಮೊದಲೇ ಕೇಳಿದರೆ, ಪೀಣ್ಯದ ಹೆಂಗಸರು ದೆಹಲಿಯನ್ನು ಮಣಿಸಿದ ಆ ಎರಡು ದಿನಗಳ ಬಗ್ಗೆ ಬರೆಯಬೇಕೆಂದಿರುವ ಯಾರಾದರೊಬ್ಬಳು ತನ್ನ ವಿಷಯ ಬದಲಿಸದೆಯೇ ಅರ್ಜಿ ತುಂಬಬಹುದು.